ತಲೆನೀರು

ಕಡೂರು
11 ಆಗಸ್ಟ್ 2024, ಭಾನುವಾರ

ಅಕ್ಕಾ,

ಮೊನ್ನೆ ಫೋನಿನಲ್ಲಿ ಹೇಗಿದ್ದೀಯ ಅಂದರೆ ಚೆನ್ನಾಗಿದ್ದೀನಿ ಅಂದೆ. ಊಟ ಆಯಿತಾ ಅಂದರೂ ಚೆನ್ನಾಗಿದ್ದೀನಿ ಅಂದೆ. ಭಾವ ಪಕ್ಕದಲ್ಲಿದ್ದರೆ ನಿನ್ನ ಬಾಯಲ್ಲಿ ಬರುವುದು ಅದೊಂದೇ ಮಾತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೋಸ್ಟ್ ಚೀಲ ಬಿಚ್ಚಿದರೆ ಬರೀ ಬ್ಯಾಂಕಿನ ನೋಟೀಸು, ಮನುಷ್ಯರು ಮನುಷ್ಯರಿಗೆ ಬರೆದದ್ದು ತಿಂಗಳಿಗೆ ಒಂದಾದರೂ ಇರಲಿ ಅಂತ ಕಟ್ಟಳೆ ಹಾಕಿದವಳು ನೀನೇ. ಪೋಸ್ಟ್ ಮಾಸ್ಟರ್ ಅಕ್ಕ ಇದ್ದರೆ ತಮ್ಮನಿಗೆ ಇದೂ ಒಂದು ಕೆಲಸ.

ಮೂಗಿಗಿಟ್ಟ ಬತ್ತಿ ತೆಗೆದ ಮೇಲೆ ಉಸಿರಾಟ ಸಲೀಸಾಗಿದೆ ತಾನೆ? ನೀನು ಮತ್ತಿನಲ್ಲಿದ್ದಾಗ ಡಾಕ್ಟರು ಒಂದು ಡಬ್ಬಿ ತಂದು ತೋರಿಸಿದರು. ನಿನ್ನ ಎಡಗಣ್ಣಿನ ಮೇಲೆ ಆರು ವರ್ಷ ಕುಟ್ಟಿದ್ದು ಅದೇ. ಬೆಳ್ಳಗೆ ನಾಲ್ಕು ಚೂರು, ಥೇಟ್ ಕೊಬ್ಬರಿ ಚೂರು. ದಿನಾ ಮಂಡಿಯಲ್ಲಿ ಕೊಬ್ಬರಿ ತುಂಬುವವನಿಗೆ ಮತ್ತೇನು ನೆನಪಾಗುತ್ತೆ. ಎಲುಬಿನಲ್ಲೇ ಬೆಳೆದ ಗಡ್ಡೆಯಂತೆ, ಆಸ್ಟಿಯೋಮಾ ಅಂತ ಹೆಸರು. ಕ್ಯಾನ್ಸರ್ ಅಲ್ಲವೇ ಅಲ್ಲ ಅಂತ ಎರಡು ಸಲ ಹೇಳಿದರು. ಮೂಗಿನ ಒಳಗಿಂದಲೇ ದುರ್ಬೀನು ಬಿಟ್ಟು, ಡ್ರಿಲ್ಲಿನಲ್ಲಿ ಕೊರೆದು ತೆಗೆದಿದ್ದಾರೆ. ಮುಖದ ಮೇಲೆ ಒಂದು ಗೀರಿಲ್ಲ. ಹಲ್ಲು ಕೀಳಿಸಿದಷ್ಟೇ ಅಂತ ನಾನು ಮೊದಲೇ ಹೇಳಿರಲಿಲ್ಲವಾ? ಬೇಡ ಬೇಡ ಅಂತ ಕೂತಿದ್ದವಳನ್ನು ಹೊರಡಿಸಿದ್ದು ಯಾರು?

ಮೂಗು ಸೀಟಬೇಡ. ಸೀನು ಬಂದರೆ ಬಾಯಿ ತೆಗೆದು ಸೀನು. ಭಾರ ಎತ್ತಬೇಡ. ಸೆಪ್ಟೆಂಬರ್ ಆರಕ್ಕೆ ಎರಡನೇ ತಪಾಸಣೆ, ನಾನೇ ಬರುತ್ತೇನೆ. ಆಸ್ಪತ್ರೆಯವರು ಹೇಳಿದ್ದು ಇಷ್ಟೇ, ಇನ್ನೇನಿಲ್ಲ.

ನಿಮ್ಮತ್ತೆ ಈಶ್ವರಮ್ಮನವರಿಗೆ ನನ್ನ ನಮಸ್ಕಾರ. ಆಪರೇಷನ್ನಿಗೆ ಒಪ್ಪಿದ್ದಕ್ಕೆ ಮಗನಿಗೆ ಬೈದು ಮುಗಿದಿದ್ದರೆ ನನಗೂ ಸ್ವಲ್ಪ ಉಳಿಸಿಟ್ಟಿರಲಿ.

ಸುಮ್ಮನೆ ಕೂರಲಾರದ ನಿನ್ನ ತಮ್ಮ,
ರೇಣುಕಪ್ರಸಾದ

*

ಬುಕ್ಕಾಂಬುಧಿ
22 ಆಗಸ್ಟ್ 2024

ಪ್ರೀತಿಯ ರೇಣುವಿಗೆ,

ನಿನ್ನ ಕಾಗದಕ್ಕೆ ನಾನೇ ಮುದ್ರೆ ಒತ್ತಿ ನಾನೇ ತೆಗೆದುಕೊಂಡೆ. ಸೋಮವಾರದಿಂದ ಆಫೀಸಿಗೆ ಬರುತ್ತಿದ್ದೇನೆ. ಇಷ್ಟು ದಿನ ನನ್ನ ಬದಲಿಗೆ ಕೂತಿದ್ದ ನಿನ್ನ ಭಾವ ಪಿಂಚಣಿಗೆ ಬಂದ ಮುದುಕಿಯರ ಹತ್ತಿರ ಜಗಳ ಕಾದು ಕಾದು ಸುಸ್ತಾಗಿದ್ದರು.

ಒಂದು ಸಂತೋಷದ ಸಂಗತಿ. ನಮ್ಮತ್ತೆ ತಲೆನೋವಿನವರಿಗೆ ತುಂಬೆಸೊಪ್ಪಿನ ರಸ ಮೂಗಿಗೆ ಬಿಟ್ಟು ತಲೆನೀರು ಇಳಿಸುವುದು ನಿನಗೆ ಗೊತ್ತಲ್ಲ. ಭಾನುವಾರ ಬೆಳಗಾಗುವ ಹೊತ್ತಿಗೆ ಜಗಲಿಯ ತುಂಬ ಜನ. ತಲೆ ಹಿಂದಕ್ಕೆ ಬಿಟ್ಟು ಮಲಗಬೇಕು, ಎರಡು ತೊಟ್ಟು, ಸೀನು, ಆಮೇಲೆ ಮೂಗಿಂದ ನೀರು. ಎಷ್ಟು ನೀರು ಇಳಿದರೆ ಅಷ್ಟು ಗುಣ. ನನಗೂ ಆರು ವರ್ಷ ಬಿಟ್ಟರು, ನನ್ನ ನೀರು ಮಾತ್ರ ಸರಿಯಾಗಿ ಇಳಿಯಲೇ ಇಲ್ಲ. ಈ ಸೊಸೆ ತಲೆಯಲ್ಲಿ ಏನೋ ಅಡ್ಡ ಕೂತೈತೆ ಅನ್ನುತ್ತಿದ್ದರು. ನೋಡು, ಅವರ ಮಾತೇ ನಿಜವಾಯಿತು. ಆ ಅಡ್ಡ ತೆಗೆದ ಮೇಲೆ ಈಗ ಒಂದು ವಾರದಿಂದ ತಾನಾಗಿಯೇ ಇಳಿಯುತ್ತಿದೆ! ಎಡಗಡೆಯ ಹೊಳ್ಳೆಯೊಂದರಿಂದಲೇ, ಬಾವಿನೀರಿನಷ್ಟು ತಿಳಿ. ಬಗ್ಗಿದರೆ ತೊಟ್ಟಿಕ್ಕುತ್ತದೆ. ಮಲಗಿದರೆ ಗಂಟಲಿಗೆ ಇಳಿಯುತ್ತದೆ, ಉಪ್ಪುಪ್ಪು.

ಅತ್ತೆಗೆ ಹಬ್ಬ. ಬಂದವರಿಗೆಲ್ಲ ನನ್ನನ್ನು ತೋರಿಸುತ್ತಾರೆ. "ಆರು ವರ್ಷದ ಕೆಟ್ಟ ನೀರು ಕಣೇ, ಪೂರ್ತಿ ಹೋಗ್ಲಿ, ಒರೆಸ್ಕೋಬೇಡ" ಅಂತ ಕೈಗೊಂದು ಬಟ್ಟಲು ಕೊಟ್ಟಿದ್ದಾರೆ. ಬೇಗ ಮುಗಿಯಲಿ ಅಂತ ಹೋದ ಭಾನುವಾರ ಎರಡು ತೊಟ್ಟು ರಸವನ್ನೂ ಬಿಟ್ಟರು.

ತಲೆನೋವು ಮಾತ್ರ ಪೂರ್ತಿ ಹೋಗಿಲ್ಲ. ಆದರೆ ಹಿಂದಿನ ಹಾಗಲ್ಲ. ಎದ್ದು ಕೂತರೆ ಬರುತ್ತದೆ, ಮಲಗಿದರೆ ಹೋಗುತ್ತದೆ. ನೀರು ಖಾಲಿಯಾಗುವವರೆಗೆ ಇರುತ್ತದಂತೆ.

ಮೇಲೆ "ಸಂತೋಷ" ಅನ್ನುವ ಅಕ್ಷರ ಹರಡಿಕೊಂಡಿದೆ. ಅತ್ತಿದ್ದೀನಿ ಅಂದುಕೊಳ್ಳಬೇಡ. ಬರೆಯುವಾಗ ಮೂಗಿನ ಹನಿ ಬಿತ್ತು.

ಎಲ್ಲೂ ಕಾಲೂರದ ನೀನು ಕಡೂರಿನಲ್ಲಿ ಎರಡು ತಿಂಗಳು ನಿಂತಿರುವುದೇ ಆಶ್ಚರ್ಯ. ಇನ್ನೆರಡು ತಿಂಗಳು ನಿಲ್ಲು.

ಇಂತಿ ನಿನ್ನ ಅಕ್ಕ,
ಸೌಮ್ಯ

*

ತರೀಕೆರೆ
27 ಆಗಸ್ಟ್ 2024

ಅಕ್ಕಾ,

ಬೈಯಬೇಡ. ಮಂಡಿ ಬಿಟ್ಟೆ. ಮಾಲೀಕರದ್ದು ತಪ್ಪೇನಿಲ್ಲ. ದಿನಾ ಅದೇ ಗೋಡೆ, ಅದೇ ಚೀಲ, ಉಸಿರು ಕಟ್ಟಿದ ಹಾಗಾಗುತ್ತಿತ್ತು. ಇಲ್ಲಿ ಜೆಸಿಬಿ ರಿಪೇರಿ ಮಾಡುವ ಗ್ಯಾರೇಜಿಗೆ ಸೇರಿದ್ದೇನೆ. ಮಣ್ಣು ಅಗೆಯುವ ಯಂತ್ರದ ಹೊಟ್ಟೆಯೊಳಗೆ ಮಲಗಿ ಬೋಲ್ಟ್ ಬಿಗಿಯುವ ಕೆಲಸ. ಎಷ್ಟು ದಿನ ಅಂತ ಕೇಳಬೇಡ.

ಕಡೂರಿಗೆ ನೀನೇನಾದರೂ ಬರೆದಿದ್ದರೆ ಮಾಲೀಕರು ಎತ್ತಿಟ್ಟಿರುತ್ತಾರೆ. ಭಾನುವಾರ ಹೋಗಿ ತರುತ್ತೇನೆ.

ಇನ್ನೊಂದು. ಆಸ್ಪತ್ರೆಯಿಂದ ಬಿಡುವಾಗ ನರ್ಸ್ ಕೊಟ್ಟ ಒಂದು ಹಾಳೆ ನನ್ನ ಬೈಕಿನ ಸೀಟಿನ ಕೆಳಗೆ ಉಳಿದುಹೋಗಿದೆ. ಇಂಗ್ಲಿಷಿನಲ್ಲಿದೆ. ದೊಡ್ಡದೇನಲ್ಲ. ಆರನೇ ತಾರೀಕು ಬಂದಾಗ ಕೊಡುತ್ತೇನೆ, ಫೈಲಿಗೆ ಸೇರಿಸಿಕೋ.

ಗ್ರೀಸು ಅಂಟಿದ ಕೈಯಿಂದ,
ರೇಣು

*

ತರೀಕೆರೆ
9 ಸೆಪ್ಟೆಂಬರ್ 2024

ಅಕ್ಕಾ,

ಈ ಕಾಗದ ನಿನ್ನ ಕೈಗೆ ಕೊಡುವವರು ನಿಮ್ಮತ್ತೆ. ನರ್ಸ್ ಹತ್ತಿರ ಓದಿಸಿಕೋ. ನಿನಗೆ ಬೆಳಕು ನೋಡುವುದಕ್ಕಾಗುತ್ತಿಲ್ಲ, ಫೋನು ಭಾವನ ಹತ್ತಿರ ಇದೆ, ನನ್ನನ್ನು ವಾರ್ಡಿನ ಒಳಗೆ ಬಿಡುತ್ತಿಲ್ಲ. ಯಾಕೆ ಬಿಡುತ್ತಿಲ್ಲ ಅಂತ ನಿನಗೆ ಯಾರೂ ಹೇಳಿಲ್ಲವಂತೆ. ನಾನೇ ಹೇಳುತ್ತೇನೆ.

ಒಂದನೇ ತಾರೀಕು ಭಾನುವಾರ ಕಡೂರಿಗೆ ಹೋದೆ. ಮಂಡಿಯ ಬಾಗಿಲಲ್ಲೇ ಮಾಲೀಕರು ನಿನ್ನ ಕಾಗದ ಕೊಟ್ಟರು. ನಿಂತಲ್ಲೇ ಒಡೆದೆ. ಬಟ್ಟಲಿನ ಮಾತು ಬಂದಾಗ ಕೊಬ್ಬರಿ ಚೀಲದ ಮೇಲೆ ಕೂತುಬಿಟ್ಟೆ. ಹರಡಿದ ಆ ಅಕ್ಷರದ ಮೇಲೆ ನನ್ನ ಬೆರಳಿತ್ತು. ನೆಗಡಿಯ ನೀರಲ್ಲ ಅಕ್ಕಾ ಅದು. ನಿನ್ನ ಮಿದುಳಿನ ಸುತ್ತ ಇರುವ ನೀರು. ಒಣಗಿ ಹತ್ತು ದಿನವಾಗಿತ್ತು.

ನಾನು ಫೋನ್ ಮಾಡಿದರೆ ಭಾವ ಎತ್ತಿದರು. ನಿನಗೆ ಎರಡು ದಿನದಿಂದ ಜ್ವರ, ಅಜ್ಜಂಪುರದಲ್ಲಿ ಒಂದು ಇಂಜೆಕ್ಷನ್ ಕೊಡಿಸಿದ್ದೇವೆ, ಕತ್ತು ಹಿಡಿದುಕೊಂಡಿದೆ, ಕಿಟಕಿ ಮುಚ್ಚು ಅಂತ ಕಿರುಚುತ್ತಾಳೆ ಅಂದರು. ನಾನೇನು ಹೇಳಿದೆನೋ ನೆನಪಿಲ್ಲ. ಬೀರೂರು ದಾಟಿದ್ದು ಗೊತ್ತಿಲ್ಲ, ಅಜ್ಜಂಪುರ ದಾಟಿದ್ದು ಗೊತ್ತಿಲ್ಲ. ನಾನು ಬರುವ ಹೊತ್ತಿಗೆ ನೀನು ನನ್ನನ್ನು ನೋಡಿ ಸ್ಟಾಂಪ್ ಖಾಲಿ, ನಾಳೆ ಬನ್ನಿ ಅಂದೆ. ನನ್ನ ಗುರುತೇ ಸಿಗಲಿಲ್ಲ ನಿನಗೆ. ಗ್ಯಾರೇಜಿನಿಂದ ಬರೆದ ಕಾಗದ ಒಡೆಯದೆ ನಿನ್ನ ದಿಂಬಿನ ಕೆಳಗೇ ಇತ್ತು.

ಆಪರೇಷನ್ ಮಾಡಿದ್ದ ಶಿವಮೊಗ್ಗದ ಆಸ್ಪತ್ರೆಗೇ ಕರೆದೊಯ್ದೆವು, ಬೆನ್ನಿಗೆ ಸೂಜಿ ಹಾಕಿ ನೋಡಿದರು. ಮಿದುಳಿನ ಪೊರೆಗೆ ಸೋಂಕು ಹತ್ತಿದೆ ಅಂದರು. ಭಾವ ಡಾಕ್ಟರ ಮೇಲೆ ಏರಿ ಹೋದರು. ಹೀಗಾಗುತ್ತೆ ಅಂತ ನಮಗ್ಯಾಕೆ ಒಂದು ಮಾತು ಹೇಳಲಿಲ್ಲ ಅಂತ ಕೇಳಿದರು. ಡಾಕ್ಟರು ಕೂಗಾಡಲಿಲ್ಲ. ಫೈಲ್ ತರಿಸಿ ಒಂದು ಹಾಳೆ ತೆಗೆದು ಟೇಬಲ್ಲಿನ ಮೇಲಿಟ್ಟರು. ಕೆಳಗೆ ನಿನ್ನ ಸೈನು, ಅದರ ಕೆಳಗೆ ನನ್ನದು.

ಆಪರೇಷನ್ನಿನ ಹಿಂದಿನ ದಿನ ಸಣ್ಣ ಡಾಕ್ಟರು ಆ ಹಾಳೆ ಹಿಡಿದು ನಿನ್ನ ಮಂಚದ ಹತ್ತಿರ ಬಂದಿದ್ದರು. ಅಕ್ಕ ಹೆದರಿ ಎದ್ದು ಹೋಗಿಬಿಡುತ್ತಾಳೆ, ನನಗೆ ಹೇಳಿ ಸಾಕು ಅಂತ ನಾನೇ ಅವರನ್ನು ಹೊರಗೆ ಕರೆದುಕೊಂಡು ಹೋದೆ. ಮೆಟ್ಟಿಲ ಹತ್ತಿರ ನಿಂತು ಹೇಳಿದರು. ಗಡ್ಡೆ ಕೆಟ್ಟದ್ದಲ್ಲ, ಆದರೆ ಕೂತಿರುವ ಜಾಗ ಕೆಟ್ಟದ್ದು. ಅದರ ಮೇಲೆ ಮಿದುಳು, ಪಕ್ಕದಲ್ಲಿ ಕಣ್ಣು, ನಡುವೆ ಇರುವ ಎಲುಬು ಮೊಟ್ಟೆ ಚಿಪ್ಪಿನಷ್ಟು ತೆಳು. ಡ್ರಿಲ್ ಎಷ್ಟು ಹುಷಾರಾಗಿ ಹಿಡಿದರೂ ನೂರಕ್ಕೆ ಮೂರು ನಾಲ್ಕು ಜನರಿಗೆ ಅಲ್ಲಿ ಬಿರುಕು ಬಿಡುತ್ತದೆ. ಕೆಲವರಿಗೆ ಆ ದಿನ ಗೊತ್ತಾಗುವುದಿಲ್ಲ, ವಾರ ಎರಡು ವಾರ ಕಳೆದ ಮೇಲೆ ಸೋರುತ್ತದೆ. ಅವರ ಮಾತು ಅವರು ಹೇಳಿದ ಹಾಗೇ ನನ್ನ ಕಿವಿಯಲ್ಲಿದೆ: "ಒಂದೇ ಕಡೆಯಿಂದ ತಿಳಿನೀರು ತೊಟ್ಟಿಕ್ಕಿದರೆ ನೆಗಡಿ ಅನ್ಕೋಬೇಡಿ. ಒಂದು ದಿನಾನೂ ಕಾಯ್ಬೇಡಿ, ಕರ್ಕೊಂಡ್ ಬನ್ನಿ."

ಕೆಳಗೆ ನನ್ನ ಬೈಕಿಗೆ ಅಡ್ಡ ಯಾರೋ ಕಾರು ನಿಲ್ಲಿಸಿದ್ದರು. ನಾನು ಅವರ ಮಾತು ಕೇಳುತ್ತಾ ಅದನ್ನೇ ನೋಡುತ್ತಿದ್ದೆ. ನೂರಕ್ಕೆ ಮೂರು ಅಂದರೆ ತೊಂಬತ್ತೇಳು ಜನಕ್ಕೆ ಏನೂ ಆಗಲ್ಲ ತಾನೆ ಅಂದುಕೊಂಡೆ. ವಾಪಸ್ಸು ಬಂದು ನಿನಗೆ ಹಲ್ಲು ಕೀಳಿಸಿದ ಹಾಗೆ ಅಂದೆ. ಬೆರಳಿಟ್ಟು ಇಲ್ಲಿ ಸೈನ್ ಮಾಡು ಅಂದೆ. ಮುಂದೆ ಇಂಗ್ಲಿಷ್ ಇತ್ತು, ಕನ್ನಡ ಹಿಂದಿನ ಪುಟದಲ್ಲಿತ್ತು. ಪುಟ ತಿರುಗಿಸಲಿಲ್ಲ.

ಬಿಡುವ ದಿನ ನರ್ಸ್ ಕೊಟ್ಟ ಹಾಳೆಯಲ್ಲೂ ಅದೇ ಮಾತಿದೆ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ. ಅದೇ ನನ್ನ ಸೀಟಿನ ಕೆಳಗಿದ್ದದ್ದು.

ಭಾವ ಆ ಸೈನು ನೋಡಿದರು, ನನ್ನನ್ನು ನೋಡಿದರು. "ಇವ್ನಿಗೆ ಗೊತ್ತಿತ್ತು" ಅಂತ ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿದರು. ಗೇಟಿನವನಿಗೆ ನನ್ನ ಮುಖ ತೋರಿಸಿ, ಇವನನ್ನು ಬಿಡಬೇಡ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಇವತ್ತು ತರೀಕೆರೆ ಬಸ್‌ಸ್ಟಾಂಡಿನಲ್ಲಿ ನಿಮ್ಮತ್ತೆ ಸಿಕ್ಕಿದರು. ನಿನಗೆ ಗಂಜಿ ತೆಗೆದುಕೊಂಡು ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದರು. ಒಂದು ವಾರಕ್ಕೆ ಹತ್ತು ವರ್ಷ ವಯಸ್ಸಾದ ಹಾಗೆ ಇಳಿದುಹೋಗಿದ್ದಾರೆ. ನನ್ನ ಕೈ ಹಿಡಿದುಕೊಂಡು, "ನಾನೇ ಕಣಪ್ಪಾ, ಈ ಕೈಲೇ ಬಿಟ್ಟೆ, ಬಟ್ಲು ಕೊಟ್ಟು ಕೂರಿಸ್ದೆ" ಅಂದರು. ಅಲ್ಲಿವರೆಗೂ ಭಾವ ಅವರಿಗೂ ನನ್ನ ವಿಷಯ ಹೇಳಿರಲಿಲ್ಲ. ಅವರು ಹಾಗೇ ಅಂದುಕೊಂಡಿರಲಿ ಅಂತ ಒಂದು ಕ್ಷಣ ನನಗೆ ಅನ್ನಿಸಿತು ಅಕ್ಕಾ. ಸುಳ್ಳು ಹೇಳಲ್ಲ, ಅನ್ನಿಸಿತು. ಆಮೇಲೆ ಹೇಳಿದೆ. ನನಗೆ ಮೊದಲೇ ಗೊತ್ತಿತ್ತು ಅಂದೆ.

ಅವರು ಕೈ ಬಿಟ್ಟರು.

"ನಂಗೊಂದ್ ಮಾತು ಹೇಳಿದ್ರೆ ನಾನು ಸೊಪ್ಪು ಮುಟ್ತಿದ್ನೇನೋ?" ಅಂದರು. "ನಲವತ್ತು ವರ್ಷದಿಂದ ಬಿಡ್ತಿದೀನಿ. ಕಿವಿ ಸೋರೋರಿಗೆ ಬಿಡಲ್ಲ, ಬಸುರೇರಿಗೆ ಬಿಡಲ್ಲ. ಕೇಳೇ ಬಿಡೋದು ನಾನು. ನಿನ್ನಕ್ಕನ್ ವಿಷ್ಯ ಯಾರ್ನ ಕೇಳ್ಬೇಕಿತ್ತು?"

ಆದರೂ ನಾಳೆ ಮತ್ತೆ ಗಂಜಿ ತರುವಾಗ ಈ ಕಾಗದ ತಲುಪಿಸುತ್ತೇನೆ ಅಂದಿದ್ದಾರೆ.

ಜ್ವರ ಇಳಿದಿದೆ, ಆದರೆ ತೂತು ಮುಚ್ಚಿಲ್ಲ, ಇನ್ನೊಂದು ಆಪರೇಷನ್ ಆಗಲೇಬೇಕು, ನೀನು ಸೈನ್ ಮಾಡುತ್ತಿಲ್ಲ ಅಂತ ಅವರೇ ಹೇಳಿದರು. ಮಾಡು ಅಂತ ಹೇಳುವ ಬಾಯಿ ನನಗಿಲ್ಲ.

ರೇಣುಕಪ್ರಸಾದ

*

ಶಿವಮೊಗ್ಗ
11 ಸೆಪ್ಟೆಂಬರ್

ರೇಣುಕಪ್ರಸಾದನಿಗೆ,

ನರ್ಸ್ ಓದಿದರು. ಎರಡು ಸಲ ಓದಿಸಿದೆ. ಇದನ್ನೂ ಅವರ ಕೈಲೇ ಬರೆಸುತ್ತಿದ್ದೇನೆ.

ದಿನಾ ಕೌಂಟರಿನಲ್ಲಿ ಕೂತು ಹೆಬ್ಬೆಟ್ಟು ಒತ್ತುವ ಮುದುಕಿಗೂ ಓದಿ ಹೇಳಿ ಒತ್ತಿಸುವವಳು ನಾನು. ನೀನು ಬೆರಳಿಟ್ಟ ಕಡೆ ಕಣ್ಣು ಮುಚ್ಚಿ ಸೈನ್ ಮಾಡಿದೆ. ನನ್ನ ತಮ್ಮ ಅಂತ.

ಇನ್ನು ಯಾವ ಕಾಗದಕ್ಕೂ ಸೈನ್ ಮಾಡುವುದಿಲ್ಲ. ನಿಮ್ಮ ಭಾವ ಕಾಲು ಹಿಡಿದು ಕೇಳಿದರೂ ಇಲ್ಲ. ಈ ಮೂಗಿಗೆ ಇನ್ನೊಬ್ಬರ ಕೈ ಬೇಡ. ಸೋರಿದರೆ ಸೋರಲಿ.

ಗಂಜಿಯ ವಾಸನೆ ಗೊತ್ತಾಗುತ್ತಿಲ್ಲ. ಫಿನಾಯಿಲಿನದ್ದೂ ಇಲ್ಲ. ಆ ಹಾಳೆಯಲ್ಲಿ ಅದೂ ಇತ್ತಾ?

ಸೌಮ್ಯ

*

ತರೀಕೆರೆ
14 ಸೆಪ್ಟೆಂಬರ್ 2024, ಶನಿವಾರ

ಅಕ್ಕಾ,

ಇತ್ತು. ವಾಸನೆ ಹೋಗಬಹುದು ಅಂತಲೂ ಇತ್ತು.

ನಿನ್ನ ಕಾಗದ ಓದಿದ ಮೇಲೆ ಗ್ಯಾರೇಜಿಗೆ ಹೋಗಲಿಲ್ಲ. ಶಿವಮೊಗ್ಗಕ್ಕೆ ಬಂದು ಗೇಟಿನ ಹೊರಗೆ ಎರಡು ದಿನ ಕಾದೆ. ಊಟಕ್ಕೆ ಹೊರಗೆ ಬಂದ ಸಣ್ಣ ಡಾಕ್ಟರನ್ನು ಹಿಡಿದೆ. ಮೊದಲು ನನ್ನ ಮಾತೇ ಬೇಡ ಅಂದರು. ಆಮೇಲೆ ಹೋಟೆಲಿನ ಮುಂದಿನ ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡು, ಈ ಸಲ ಬರ್ಕೋ ಅಂದರು. ಅವರು ಹೇಳುತ್ತಾ ಹೋದರು, ನಾನು ಬರೆದೆ. ತಿಳಿಯದ್ದನ್ನು ಮೂರು ಮೂರು ಸಲ ಕೇಳಿದೆ. ಮಾಡು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಮೊದಲ ಸಲ ಓದಬೇಕಿದ್ದದ್ದನ್ನು ಈಗ ಓದುತ್ತಿದ್ದೇನೆ ಅಂದುಕೋ.

ಈ ಸಲ ಕೊರೆಯುವುದಿಲ್ಲ. ನಿನ್ನ ತೊಡೆಯಿಂದ ಸ್ವಲ್ಪ ಕೊಬ್ಬು, ಒಂದು ತೆಳು ಪೊರೆ ತೆಗೆದು, ಮೂಗಿನ ಒಳಗಿಂದಲೇ ಹೋಗಿ ತೂತಿಗೆ ತೇಪೆ ಹಾಕುತ್ತಾರೆ. ತೇಪೆ ನಿಲ್ಲದೆ ಇರಬಹುದು, ಇದು ಮೊದಲನೆಯದು. ಹತ್ತರಲ್ಲಿ ಒಬ್ಬರಿಗೆ ನಿಲ್ಲುವುದಿಲ್ಲ, ಮತ್ತೆ ಮಾಡಬೇಕಾಗುತ್ತದೆ. ಎರಡನೆಯದು, ಮಾಡಿದ ಮೇಲೂ ಆ ಜ್ವರ ಮರುಕಳಿಸಬಹುದು. ಮೂರನೆಯದು ಕಣ್ಣು. ಗುಡ್ಡೆಯ ಹಿಂದೆ ರಕ್ತ ಕಟ್ಟಿದರೆ ಒಂದು ಎರಡಾಗಿ ಕಾಣಬಹುದು, ದೃಷ್ಟಿಯೇ ಹೋಗಬಹುದು. ಅಪರೂಪವಂತೆ, ಆದರೆ ಬರಿ ಅಂದರು. ಇದನ್ನು ಬರೆಯುವಾಗ ನನ್ನ ಪೆನ್ನು ನಿಂತಿತು. ನಾಲ್ಕು, ವಾಸನೆ ವಾಪಸ್ಸು ಬರದೆ ಇರಬಹುದು. ಐದು, ತೊಡೆಯ ಗಾಯ ಕೀವಾಗಬಹುದು. ಆರು, ತಲೆಯೊಳಗೆ ಗಾಳಿ ಸೇರಬಹುದು, ರಕ್ತ ಬರಬಹುದು, ಆಗ ಹಣೆ ತೆರೆದು ಮಾಡಬೇಕಾಗಬಹುದು.

ಮಾಡಿಸದೆ ಇದ್ದರೆ ಅಂತಲೂ ಕೇಳಿದೆ. ಆ ತೂತು ಬಾಗಿಲು ತೆರೆದಿಟ್ಟ ಹಾಗೆ, ಇವತ್ತಲ್ಲ ನಾಳೆ ಆ ಜ್ವರ ಮತ್ತೆ ಒಳಗೆ ಬರುತ್ತದೆ, ಪ್ರತಿ ಸಲ ಹಿಡಿದು ನಿಲ್ಲಿಸುತ್ತೇವೆ ಅಂತ ಹೇಳಲಾರೆವು ಅಂದರು. ಇದಾದರೂ ನಿನಗೆ ತಿಳಿದಿರಬೇಕು ಅಂತ ಬರೆದೆ.

ಮತ್ತೊಂದು ನಾನು ಕೇಳದೆಯೇ ಅವರು ಹೇಳಿದ್ದು. ಗಡ್ಡೆಯ ಬುಡ ಮಿದುಳಿನ ಪೊರೆಗೆ ಅಂಟಿತ್ತು, ಅಲ್ಲಿ ಅಕ್ಕಿಕಾಳಿನಷ್ಟು ಬಿಟ್ಟಿದ್ದಾರೆ. ಅದೂ ತೆಗೆಯಲು ಹೋಗಿದ್ದರೆ ತೂತು ಇನ್ನೂ ದೊಡ್ಡದಾಗುತ್ತಿತ್ತು. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ನೋಡಬೇಕು.

ಅವರು ಹೇಳಿದ್ದು ಇಷ್ಟೇ. ಕನ್ನಡದ ಪುಟ ಹಿಂದೆ ಇರುತ್ತದೆ. ತಿರುಗಿಸಿ ನೋಡು.

ಕ್ಷಮಿಸು ಅಂತ ಬರೆದು ಹೊಡೆದು ಹಾಕಿದ್ದೇನೆ. ಮೇಲೆ ಕಾಣುತ್ತಿರುವ ಗೀಚು ಅದೇ.

ನಿನ್ನ ತಮ್ಮ,
ರೇಣು

*

ಶಿವಮೊಗ್ಗ
16 ಸೆಪ್ಟೆಂಬರ್ 2024, ಸೋಮವಾರ

ರೇಣು,

ಅತ್ತೆ ತಂದ ನಿನ್ನ ಕಾಗದವನ್ನು ನಿನ್ನೆ ನಾನೇ ಓದಿದೆ. ಕಿಟಕಿ ಅರ್ಧ ತೆಗೆಸಿದ್ದೆ. ಒಂದೊಂದು ಸಾಲಿಗೂ ಕಣ್ಣು ಮುಚ್ಚಿ ತೆಗೆದು ಓದಿದೆ. ನಿನ್ನ ಕಾಗದ ಬಲಗಡೆ, ಆಸ್ಪತ್ರೆಯ ಹಾಳೆ ಎಡಗಡೆ ಇಟ್ಟುಕೊಂಡು ತಾಳೆ ನೋಡಿದೆ. ರಿಜಿಸ್ಟರ್ ಪೋಸ್ಟ್ ತಾಳೆ ನೋಡುವ ಹಾಗೆ.

ಅತ್ತೆ ಮಂಚದ ಪಕ್ಕದಲ್ಲೇ ಕೂತಿದ್ದರು. ಅವರಿಗೂ ಕೇಳಲಿ ಅಂತ ಗಟ್ಟಿಯಾಗಿ ಓದಿದೆ. ಕಣ್ಣಿನ ಸಾಲು ಬಂದಾಗ ಅವರು ಎದ್ದು ಹೊರಗೆ ಹೋದರು, ಸ್ವಲ್ಪ ಹೊತ್ತಿನ ಮೇಲೆ ತಾವೇ ಬಂದು ಮುಂದಿಂದು ಓದು ಅಂದರು. ನಿನ್ನ ಭಾವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ನೀನು ಬರೆದ ಆರೂ ಸರಿಯಾಗಿವೆ. ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಆದರೆ ಆಸ್ಪತ್ರೆಯ ಹಾಳೆಯಲ್ಲಿ ಇರುವುದು ಏಳು. ಏಳನೆಯದನ್ನು ನೀನು ಬರೆದಿಲ್ಲ. ಇಷ್ಟೇ ಅಂತ ಬರೆದಿದ್ದೀಯ.

ಸಣ್ಣ ಡಾಕ್ಟರನ್ನು ಕೇಳಿದೆ. ಏಳೂ ಹೇಳಿದ್ದೇನೆ, ಕೊನೆಯದಕ್ಕೆ ಅವನು ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡ ಅಂದರು.

ಅದು ಏನು ಅಂತ ನನಗೆ ಈಗ ಗೊತ್ತು. ಎರಡೇ ಪದ ಇದೆ, ಪ್ರಾಣದ ಮಾತು. ನಾನು ಓದಿದ್ದೂ ಆಯಿತು, ಒಂದು ರಾತ್ರಿ ಅದರ ಜೊತೆ ಮಲಗಿದ್ದೂ ಆಯಿತು. ನನಗೆ ಹೆದರಿಕೆ ಇಲ್ಲ ಅಂತಲ್ಲ. ಆದರೆ ಇನ್ನೊಬ್ಬರು ನನ್ನ ಪರವಾಗಿ ಹೆದರಿ ಬಚ್ಚಿಟ್ಟಿದ್ದರಿಂದಲೇ ನಾನು ಬಟ್ಟಲು ಹಿಡಿದು ಕೂತಿದ್ದು.

ನಾಳೆ ಬೆಳಿಗ್ಗೆ ಎಂಟಕ್ಕೆ ಥಿಯೇಟರಿಗೆ ಅಂತ ಗುರುತು ಹಾಕಿಟ್ಟಿದ್ದಾರೆ. ನಾನು ಒಪ್ಪಿದರೆ. ಆರು ಗಂಟೆಗೆ ಬಾ. ಗೇಟಿನಲ್ಲಿ ತಡೆಯುವುದಿಲ್ಲ, ನಿನ್ನ ಭಾವನಿಗೆ ಹೇಳಿದ್ದೇನೆ. ಈ ಕಾಗದವನ್ನು ಇವತ್ತು ಸಂಜೆಯೇ ನಿನಗೆ ಮುಟ್ಟಿಸುವವರೂ ಅವರೇ. ಮಂಚದ ಹತ್ತಿರ ನಿಂತು, ಏಳನೆಯದನ್ನು ನೀನು ನನ್ನ ಮುಖ ನೋಡಿಕೊಂಡು ಓದು. ನಡುವೆ ನಿಲ್ಲಿಸಬಾರದು. ಏನೂ ಆಗಲ್ಲ ಅಕ್ಕಾ ಅಂತ ಸೇರಿಸಬಾರದು.

ನೀನು ಓದಿದ ಮೇಲೆ ಸೈನ್ ಮಾಡುತ್ತೇನೆ. ಅಲ್ಲಿಯವರೆಗೆ ಪೆನ್ನು ಅತ್ತೆಯ ಕೈಯಲ್ಲಿರುತ್ತದೆ.

ನಿನ್ನ ಅಕ್ಕ,
ಸೌಮ್ಯ